ಬಸ್ ನಿಲ್ಲೋದು ಇಪ್ಪತ್ತೇ ನಿಮಿಷ: ಹೈವೇ ಹೋಟೆಲ್ ಬಿಲ್‌ನಲ್ಲಿ ಏನಿರಬೇಕು, ಏನಿರಬಾರದು?

ಚಿತ್ರದುರ್ಗ: ರಾತ್ರಿ ಹನ್ನೆರಡರ ಆಸುಪಾಸು. ಬೆಂಗಳೂರು ಬಿಟ್ಟ ಬಸ್ಸು ಹಿರಿಯೂರು ಹತ್ತಿರ ಹೆದ್ದಾರಿ ಬದಿಯ ಹೋಟೆಲ್ ಮುಂದೆ ಬಂದು ನಿಲ್ಲುತ್ತೆ. ‘ಇಪ್ಪತ್ತು ನಿಮಿಷ ಟೈಮ್ ಐತೆ ನೋಡ್ರಿ, ಊಟ ಮಾಡೋರು ಮಾಡ್ಕಳ್ರಿ’ ಅಂತ ಕಂಡಕ್ಟರ್ ಕೂಗಿ ಇಳಿದು ಹೋಗ್ತಾರೆ. ನಿದ್ದೆಗಣ್ಣಲ್ಲಿ ಇಳಿದವರು ಮೊದಲು ಶೌಚಾಲಯ ಹುಡುಕ್ತಾರೆ, ಆಮೇಲೆ ಟೋಕನ್ ಕೌಂಟರ್ ಮುಂದೆ ನಿಲ್ತಾರೆ. ಬೋರ್ಡ್ ಓದೋಕೆ ಟೈಮಿಲ್ಲ, ಬಿಲ್ ಓದೋಕಂತೂ ಇಲ್ಲವೇ ಇಲ್ಲ. ದುಡ್ಡು ಕೊಟ್ಟು, ತಿಂದು, ಬಸ್ ಹತ್ತಿದ ಮೇಲೆ ‘ಎರಡು ಇಡ್ಲಿಗೆ ಇಷ್ಟಾ?’ ಅಂತ ಲೆಕ್ಕ ಶುರುವಾಗುತ್ತೆ. ಅಷ್ಟೊತ್ತಿಗೆ ಬಸ್ಸು ಐಮಂಗಲ ದಾಟಿರುತ್ತೆ.

ನಮ್ಮ ಜಿಲ್ಲೆಗೂ ಈ ಇಪ್ಪತ್ತು ನಿಮಿಷಕ್ಕೂ ಹಳೇ ನಂಟು. ಬೆಂಗಳೂರಿಂದ ಹಿರಿಯೂರಿಗೆ ಸುಮಾರು 160 ಕಿ.ಮೀ., ಚಿತ್ರದುರ್ಗಕ್ಕೆ 200 ಕಿ.ಮೀ. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಕಡೆ ಹೋಗೋರಿಗೆ ಹೊಟ್ಟೆ ಹಸಿಯೋ ಜಾಗ ಸರಿಯಾಗಿ ಇದೇ. ಮೊದಲು ಎನ್‌ಎಚ್ 4 ಅನ್ನಿಸಿಕೊಂಡಿದ್ದ ಈಗಿನ ರಾಷ್ಟ್ರೀಯ ಹೆದ್ದಾರಿ 48ಕ್ಕೆ, ಚಾಮರಾಜನಗರದಿಂದ ಬಳ್ಳಾರಿ ಮೇಲೆ ಜೇವರ್ಗಿಗೆ ಹೋಗುವ 150ಎ ಹೆದ್ದಾರಿ ಹಿರಿಯೂರಲ್ಲೇ ಸೇರುತ್ತೆ. ಹಾಗಾಗಿ ಜವನಗೊಂಡನಹಳ್ಳಿಯಿಂದ ಹಿಡಿದು ಭರಮಸಾಗರದವರೆಗೂ ರಸ್ತೆ ಬದಿ ಹೋಟೆಲ್, ಡಾಬಾ, ಟೀ ಅಂಗಡಿ ಸಾಲು. ಹೊಸದುರ್ಗ, ಹೊಳಲ್ಕೆರೆಯವರು ಬೆಂಗಳೂರಿಗೆ ಹೊರಟರೂ ಊಟಕ್ಕೆ ನಿಲ್ಲೋದು ಹೆಚ್ಚಾಗಿ ಇಂಥ ಕಡೆನೇ.

ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು. ಊರೊಳಗಿನ ಹೋಟೆಲ್ ಬೇರೆ, ಬೈಪಾಸ್ ಹೋಟೆಲ್ ಬೇರೆ. ಚಿತ್ರದುರ್ಗದ ಬಿ.ಡಿ.ರಸ್ತೆಯಲ್ಲೋ ಗಾಂಧಿ ವೃತ್ತದ ಬಳಿಯೋ ಇರುವ ಹೋಟೆಲ್‌ಗೆ ನಾಳೆ ಬೆಳಗ್ಗೆನೂ ಅದೇ ಗಿರಾಕಿ ಬರಬೇಕು. ಸಾಂಬಾರು ಕೆಟ್ಟರೆ ಮುಖಕ್ಕೇ ಹೇಳ್ತಾರೆ, ಎರಡು ರೂಪಾಯಿ ಜಾಸ್ತಿ ಮಾಡಿದರೆ ಪಕ್ಕದ ಹೋಟೆಲ್‌ಗೆ ಹೋಗ್ತಾರೆ. ಹೈವೇ ಹೋಟೆಲ್‌ಗೆ ಬರೋ ಗಿರಾಕಿ ಮತ್ತೆ ಬರ್ತಾನೋ ಇಲ್ವೋ ಗೊತ್ತಿಲ್ಲ, ಬಂದರೂ ಅವನನ್ನ ಕರ್ಕೊಂಡು ಬರೋದು ಬಸ್ ಡ್ರೈವರ್. ಅದಕ್ಕೇ ಚಾಲಕ, ನಿರ್ವಾಹಕರಿಗೆ ಒಳಗಡೆ ಬೇರೆ ಟೇಬಲ್, ಬಿಸಿ ಊಟ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಎಲ್ಲ ಹೋಟೆಲ್‌ನವರೂ ಮೋಸಗಾರರು ಅಂತ ಇದರ ಅರ್ಥ ಅಲ್ಲ. ಆದರೆ ಇಲ್ಲಿ ಗಿರಾಕಿಯ ಕೈಯಲ್ಲಿ ‘ನಾಳೆ ಬರಲ್ಲ’ ಅನ್ನೋ ಅಸ್ತ್ರ ಇಲ್ಲ. ಇರೋದು ಬಿಲ್ ಒಂದೇ.

ಬಿಲ್ ಕೇಳಿ ಇಸ್ಕೊಳ್ಳಿ

ಟೋಕನ್ ಬೇರೆ, ಬಿಲ್ ಬೇರೆ. ‘ದೋಸೆ-2’ ಅಂತ ಬರೆದ ಚೀಟಿ ಅಡುಗೆಮನೆಗೆ ಕೊಡೋಕೆ. ಬಿಲ್‌ನಲ್ಲಿ ಹೋಟೆಲ್ ಹೆಸರು, ವಿಳಾಸ, ತಿಂದ ಪದಾರ್ಥ, ಒಂದೊಂದರ ಬೆಲೆ, ತೆರಿಗೆ ಹಾಕಿದ್ದರೆ ಅದರ ವಿವರ ಇರಬೇಕು. ಕೇಳಿದರೂ ಬಿಲ್ ಕೊಡದೇ ಇರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ‘ಅನುಚಿತ ವ್ಯಾಪಾರ ಪದ್ಧತಿ’. ಈ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ.

2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ, ‘ನೋ ಯುಪಿಐ, ಓನ್ಲಿ ಕ್ಯಾಷ್’ ಅಂತ ಬೋರ್ಡ್ ತಗುಲಿಸಿದ್ದು ನೆನಪಿರಬಹುದು. ನಗದು ಕೊಡೋದು ತಪ್ಪಲ್ಲ. ಆದರೆ ನಗದು ಕೊಟ್ಟು ಬಿಲ್ಲೂ ತಗೊಳ್ಳದೇ ಹೋದರೆ ನಾಳೆ ದೂರು ಕೊಡೋಕೆ ನೀವು ಅಲ್ಲಿ ತಿಂದಿದ್ದಕ್ಕೇ ಸಾಕ್ಷಿ ಇರಲ್ಲ. ಬಿಲ್ ಸಿಗದಿದ್ದರೆ ಕನಿಷ್ಠ ಫೋನ್‌ಪೇ, ಗೂಗಲ್‌ಪೇ ಮಾಡಿ. ಅದರಲ್ಲಿ ದಿನಾಂಕ, ಸಮಯ, ಹಣ ಸಂದಾಯವಾದ ಹೆಸರು ಇರುತ್ತೆ.

ಜಿಎಸ್‌ಟಿ: ಐದು ಪರ್ಸೆಂಟ್ ಯಾವಾಗ ಕೊಡಬೇಕು?

ಹೋಟೆಲ್ ಊಟಕ್ಕೆ 2017ರ ನವೆಂಬರ್ 15ರಿಂದ ಜಿಎಸ್‌ಟಿ ಶೇ 5. ಎಸಿ ಇರಲಿ, ಇಲ್ಲದಿರಲಿ ಅಷ್ಟೇ. ಕೂತು ತಿಂದರೂ ಅಷ್ಟೇ, ಪಾರ್ಸಲ್ ತಗೊಂಡರೂ ಅಷ್ಟೇ. ಅದಕ್ಕೂ ಮೊದಲು ಎಸಿ ಹೋಟೆಲ್‌ಗೆ ಶೇ 18 ಇತ್ತು, ಆ ನೆನಪಲ್ಲಿ ಈಗಲೂ ಕೆಲವರು ‘ಎಸಿ ರೂಮಲ್ಲಿ ಕೂತ್ರೆ ಟ್ಯಾಕ್ಸ್ ಜಾಸ್ತಿ’ ಅಂತಾರೆ. ಹೋಟೆಲ್‌ನವರು ಎಸಿ ಹಾಲ್‌ನ ಮೆನು ದರವನ್ನೇ ಜಾಸ್ತಿ ಇಡಬಹುದು, ಅದು ಅವರಿಷ್ಟ. ತೆರಿಗೆ ಮಾತ್ರ ಬದಲಾಗಲ್ಲ. ದೊಡ್ಡ ಲಾಡ್ಜಿಂಗ್ ಇರುವ ದುಬಾರಿ ಹೋಟೆಲ್‌ಗಳ ಲೆಕ್ಕ ಬೇರೆ ಇದೆ, ಅದು ನಮ್ಮ ಹೈವೇ ದೋಸೆಗೆ ಸಂಬಂಧಿಸಿದ್ದಲ್ಲ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಎಲ್ಲ ಹೋಟೆಲ್‌ಗಳೂ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಸಣ್ಣ ಹೋಟೆಲ್ ನೋಂದಣಿ ಮಾಡಿಸಬೇಕಿಲ್ಲ. ಹಾಗಾಗಿ ತೆರಿಗೆ ಕೇಳೋ ಪ್ರಶ್ನೆಯೇ ಇಲ್ಲ. ಒಂದೂವರೆ ಕೋಟಿ ತನಕ ವಹಿವಾಟು ಇರುವವರು ‘ಕಾಂಪೊಸಿಷನ್’ ಅನ್ನೋ ಯೋಜನೆ ಆರಿಸಿಕೊಳ್ಳಬಹುದು. ಇವರು ತಮ್ಮ ವಹಿವಾಟಿನ ಮೇಲೆ ಶೇ 5 ತೆರಿಗೆಯನ್ನು ತಮ್ಮ ಜೇಬಿಂದಲೇ ಕಟ್ಟಬೇಕು, ಗಿರಾಕಿಯಿಂದ ಬೇರೆ ಸಾಲು ಹಾಕಿ ವಸೂಲಿ ಮಾಡುವಂತಿಲ್ಲ. ತಾವು ಕಾಂಪೊಸಿಷನ್ ತೆರಿಗೆದಾರರು, ಗಿರಾಕಿಯಿಂದ ತೆರಿಗೆ ಪಡೆಯಲು ಅರ್ಹರಲ್ಲ ಅಂತ ಬಿಲ್‌ನಲ್ಲೇ ಮುದ್ರಿಸಬೇಕು, ಅಂಗಡಿಯಲ್ಲಿ ಬೋರ್ಡೂ ಹಾಕಬೇಕು. ಆ ಬೋರ್ಡ್ ಇರೋದು ಬಹುಪಾಲು ಕ್ಯಾಲೆಂಡರ್ ಹಿಂದೆ, ಅದು ಬೇರೆ ಮಾತು.

ಪತ್ತೆ ಮಾಡೋದು ಹೇಗೆ? ಬಿಲ್‌ನಲ್ಲಿ ಜಿಎಸ್‌ಟಿ ಹಾಕಿದ್ದರೆ 15 ಅಂಕಿ-ಅಕ್ಷರಗಳ ಜಿಎಸ್‌ಟಿಐಎನ್ ಸಂಖ್ಯೆ ಇರಲೇಬೇಕು. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತೆ. ಅದನ್ನು ಜಿಎಸ್‌ಟಿ ವೆಬ್‌ಸೈಟ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿದರೆ ಹೋಟೆಲ್ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರೆಗ್ಯುಲರೋ ಕಾಂಪೊಸಿಷನ್ನೋ ಎಲ್ಲ ತೋರಿಸುತ್ತೆ. ಲಾಗಿನ್ ಬೇಡ, ಮೊಬೈಲ್‌ನಲ್ಲೇ ಒಂದು ನಿಮಿಷದ ಕೆಲಸ.

ಸರ್ವಿಸ್ ಚಾರ್ಜ್: ಕೊಡಲೇಬೇಕಿಲ್ಲ

ಇದು ತೆರಿಗೆ ಅಲ್ಲ. ಸರ್ಕಾರಕ್ಕೆ ಹೋಗಲ್ಲ. ನಮ್ಮ ಜಿಲ್ಲೆಯ ಸಾಮಾನ್ಯ ಹೋಟೆಲ್‌ಗಳಲ್ಲಿ ಅಪರೂಪ, ಆದರೆ ಬೆಂಗಳೂರು, ಗೋವಾ ಕಡೆ ಹೋದವರಿಗೆ ಬಿಲ್ ಕೊನೆಯಲ್ಲಿ ಶೇ 5ರಿಂದ 10 ಸೇರಿಸಿರೋದು ಕಾಣುತ್ತೆ. ಸರ್ವಿಸ್ ಚಾರ್ಜನ್ನು ತಾನಾಗೇ ಬಿಲ್‌ಗೆ ಸೇರಿಸಬಾರದು, ಬೇರೆ ಹೆಸರಲ್ಲೂ ಹಾಕಬಾರದು, ಕೊಡಲ್ಲ ಅಂದವರನ್ನ ಒಳಗೆ ಬಿಡದೇ ಇರಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟ್‌ಗೆ ಹೋಗಿ ತಡೆ ತಂದವು. 2025ರ ಮಾರ್ಚ್ 28ರಂದು ಆ ಅರ್ಜಿಗಳು ವಜಾ ಆದವು. ಮಾರ್ಗಸೂಚಿಯನ್ನು ಕೋರ್ಟ್ ಎತ್ತಿಹಿಡಿಯಿತು, ಅರ್ಜಿ ಹಾಕಿದ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡವೂ ಬಿತ್ತು.

ಒಂದು ಉದಾಹರಣೆ ನೋಡಿ. ಹೊಸದುರ್ಗದಿಂದ ಹೊರಟ ಮೂರು ಜನ ಎರಡು ಮಸಾಲೆ ದೋಸೆ (80ರಂತೆ 160), ಒಂದು ಪೂರಿ (70), ಒಂದು ಪ್ಲೇಟ್ ಇಡ್ಲಿ-ವಡೆ (60), ಮೂರು ಕಾಫಿ (20ರಂತೆ 60) ತಗೊಂಡರು ಅಂದ್ಕೊಳ್ಳಿ. ಒಟ್ಟು 350 ರೂಪಾಯಿ. ರೆಗ್ಯುಲರ್ ಜಿಎಸ್‌ಟಿ ಇರುವ ಹೋಟೆಲ್ ಆದರೆ ಸಿಜಿಎಸ್‌ಟಿ 8.75, ಎಸ್‌ಜಿಎಸ್‌ಟಿ 8.75 ಸೇರಿ 367.50. ಕಾಂಪೊಸಿಷನ್ ಆದರೆ ಬರೀ 350. ಅದೇ ಬಿಲ್‌ಗೆ ಶೇ 10 ಸರ್ವಿಸ್ ಚಾರ್ಜ್ ಸೇರಿಸಿದರೆ 35 ರೂಪಾಯಿ ಜಾಸ್ತಿ ಆಗಿ 385 ಆಗುತ್ತೆ, ಆಮೇಲೆ ಆ 385ರ ಮೇಲೆ ಜಿಎಸ್‌ಟಿ ಬಿದ್ದು 404.25ಕ್ಕೆ ನಿಲ್ಲುತ್ತೆ. ಕೊಡಬೇಕಿಲ್ಲದ ದುಡ್ಡಿನ ಮೇಲೂ ತೆರಿಗೆ! ಟಿಪ್ಸ್ ಕೊಡೋದು ಬಿಡೋದು ನಿಮ್ಮಿಷ್ಟ. ಸಪ್ಲೈಯರ್ ಹುಡುಗನ ಕೈಗೆ ಹತ್ತು ರೂಪಾಯಿ ನೇರವಾಗಿ ಇಟ್ಟರೆ ಅದು ಅವನಿಗೇ ಸೇರುತ್ತೆ.

ನೀರಿನ ಬಾಟಲ್ ಜಗಳ

ಹೈವೇಯಲ್ಲಿ ಅತಿ ಹೆಚ್ಚು ಜಗಳ ಆಗೋದು ಇದಕ್ಕೇ. ‘20 ರೂಪಾಯಿ ಅಂತ ಬರ್ದೈತೆ, 25 ಯಾಕ್ ಕೊಡ್ಬೇಕು?’ ‘ಕೂಲಿಂಗ್ ಚಾರ್ಜ್ ಸಾರ್.’

ಎಲ್ಲಿ ಕೊಂಡಿರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಬಸ್ ನಿಲ್ದಾಣದ ಅಂಗಡಿ, ಹೋಟೆಲ್ ಮುಂದಿನ ಕಾಂಡಿಮೆಂಟ್ಸ್, ಪೆಟ್ಟಿಗೆ ಅಂಗಡಿ, ಇಲ್ಲೆಲ್ಲ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ ತಪ್ಪು. ಕೂಲಿಂಗ್ ಚಾರ್ಜ್ ಅನ್ನೋದು ಕಾನೂನಿನಲ್ಲಿ ಇಲ್ಲವೇ ಇಲ್ಲ, ಎಂಆರ್‌ಪಿಯಲ್ಲೇ ಎಲ್ಲ ಸೇರಿದೆ. ಇದರ ದೂರು ಹೋಗಬೇಕಾದ್ದು ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಅಂದರೆ ಹಳಬರು ತೂಕ-ಅಳತೆ ಇಲಾಖೆ ಅಂತಾರಲ್ಲ, ಅದಕ್ಕೆ.

ಆದರೆ ಹೋಟೆಲ್ ಒಳಗೆ ಟೇಬಲ್‌ಗೆ ತರಿಸಿಕೊಂಡರೆ ಕಥೆ ಬೇರೆ. ಹೋಟೆಲ್‌ನಲ್ಲಿ ಕೂತು ತರಿಸಿಕೊಳ್ಳುವುದು ಬರೀ ಬಾಟಲಿ ಖರೀದಿ ಅಲ್ಲ, ಕುರ್ಚಿ, ಫ್ಯಾನು, ಸೇವೆ ಎಲ್ಲ ಸೇರಿದ್ದು, ಹಾಗಾಗಿ ಎಂಆರ್‌ಪಿಗಿಂತ ಹೆಚ್ಚು ತಗೋಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್ 12ರಂದು ತೀರ್ಪು ಕೊಟ್ಟಿದೆ. ಇದು ಗಿರಾಕಿಗೆ ಕಹಿ ಆದರೂ ಸತ್ಯ. ಹಾಗಾಗಿ ಬಾಟಲಿ ಬೇಕಿದ್ದರೆ ಹೊರಗಿನ ಅಂಗಡಿಯಲ್ಲಿ ತಗೊಂಡು ಒಳಗೆ ಹೋಗೋದು ಜಾಣತನ. 2025ರ ಸೆಪ್ಟೆಂಬರ್ 22ರಿಂದ ಬಾಟಲಿ ನೀರಿನ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ, ಬಾಟಲಿ ಮೇಲಿನ ದರ ನೋಡಿಯೇ ದುಡ್ಡು ಕೊಡಿ.

‘ಬಾಟಲ್ ನೀರು ತಗೊಂಡ್ರೆ ಮಾತ್ರ ಊಟ’ ಅಂತ ಹೇಳುವಂತಿಲ್ಲ. ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಅನ್ನೋದು ಅದೇ ಗ್ರಾಹಕ ಕಾಯ್ದೆಯಲ್ಲಿ ‘ನಿರ್ಬಂಧಿತ ವ್ಯಾಪಾರ ಪದ್ಧತಿ’ ಆಗುತ್ತೆ. ಜಗ್ಗಿನ ನೀರು ಕೇಳಿ. ಅದು ಕುಡಿಯುವಂತಿದೆಯಾ ಅನ್ನೋದನ್ನ ನಿಮ್ಮ ಕಣ್ಣೇ ಹೇಳಬೇಕು.

ವಾಟ್ಸ್ಆ್ಯಪ್‌ನ 1867ರ ಕಾಯ್ದೆ

‘1867ರ ಸರಾಯಿ ಕಾಯ್ದೆ ಪ್ರಕಾರ ಯಾವ ಹೋಟೆಲ್‌ಗಾದ್ರೂ ನುಗ್ಗಿ ಉಚಿತ ನೀರು, ಶೌಚಾಲಯ ಕೇಳಬಹುದು, ಫೈವ್ ಸ್ಟಾರ್ ಆದ್ರೂ ಸರಿ’ ಅಂತ ಒಂದು ಮೆಸೇಜ್ ವರ್ಷಕ್ಕೆರಡು ಸಲ ಸುತ್ತಾಡುತ್ತೆ. ಆ ಹೆಸರಿನ ಕಾಯ್ದೆ ಇರೋದು ನಿಜ. ಆದರೆ ಅದು ದಾರಿಹೋಕರು ತಂಗುವ ಸರಾಯಿ, ಛತ್ರಗಳಿಗೆ ಮಾಡಿದ್ದು. ಸರಾಯಿ ನಡೆಸುವವನು ನೋಂದಣಿ ಮಾಡಿಸಬೇಕು, ಕೋಣೆ, ಬಾವಿ ಶುಚಿಯಾಗಿಡಬೇಕು, ಕಾವಲುಗಾರನನ್ನ ಇಡಬೇಕು, ದರಪಟ್ಟಿ ಎದುರಿಗೆ ತೂಗುಹಾಕಬೇಕು ಅಂತೆಲ್ಲ ಅದರಲ್ಲಿದೆ. ದೋಸೆ ಹೋಟೆಲ್‌ಗೆ ಹೋಗಿ ಈ ಮೆಸೇಜ್ ತೋರಿಸಿದರೆ ನಗಪಾಟಲು.

ಶೌಚಾಲಯಕ್ಕೆ ಗಟ್ಟಿ ಆಧಾರ ಬೇರೆ ಕಡೆ ಇದೆ. ಪೆಟ್ರೋಲ್ ಬಂಕ್‌ಗಳು ಶೌಚಾಲಯ, ಕುಡಿಯುವ ನೀರು, ಟೈರ್‌ಗೆ ಗಾಳಿ ಉಚಿತವಾಗಿ ಕೊಡಬೇಕು ಅನ್ನೋದು ತೈಲ ಕಂಪನಿಗಳ ಮಾರ್ಗಸೂಚಿಯಲ್ಲೇ ಇದೆ. ಡೀಸೆಲ್ ಹಾಕಿಸದಿದ್ದರೂ ಕೇಳಬಹುದು. ಬೀಗ ಹಾಕಿದ್ದರೆ ಬೀಗದ ಕೈ ಕೇಳಿ. ಟೋಲ್ ಪ್ಲಾಜಾಗಳಲ್ಲೂ ಶೌಚಾಲಯ ಇರುತ್ತೆ. ಸ್ವಂತ ವಾಹನದಲ್ಲಿ ಹೆಣ್ಣುಮಕ್ಕಳು, ವಯಸ್ಸಾದವರ ಜೊತೆ ಹೋಗೋರು ಗುಯಿಲಾಳು ಟೋಲ್‌ನಂಥ ಕಡೆ ನಿಲ್ಲಿಸೋದು ಒಳ್ಳೇದು, ಬಯಲಿನ ಕತ್ತಲಲ್ಲಿ ಗಾಡಿ ನಿಲ್ಲಿಸೋ ಅಪಾಯ ತಪ್ಪುತ್ತೆ. ಹೆದ್ದಾರಿಯಲ್ಲಿ ಏನೇ ತೊಂದರೆಯಾದರೂ 1033 ಸಂಖ್ಯೆ ಇದೆ. ಬಸ್ಸಲ್ಲಿ ಹೋಗೋ ಹೆಂಗಸರಿಗೆ ಈ ಆಯ್ಕೆ ಇಲ್ಲ. ಬಸ್ ಎಲ್ಲಿ ನಿಲ್ಲುತ್ತೋ ಅಲ್ಲೇ. ಅದಕ್ಕಂತಲೇ ಬೆಂಗಳೂರು ಬಿಟ್ಟ ಮೇಲೆ ನೀರೇ ಕುಡಿಯದೆ ಬರುವವರಿದ್ದಾರೆ. ಸಕ್ಕರೆ ಕಾಯಿಲೆ ಇರುವವರಿಗೆ, ಬಸುರಿಯರಿಗೆ ಇದು ಸಣ್ಣ ವಿಷಯ ಅಲ್ಲ. ನಿಲ್ಲಿಸಿದ ಜಾಗದ ಶೌಚಾಲಯ ಕೊಳಕಾಗಿದ್ದರೆ ಬಸ್ ನಂಬರ್, ಸಮಯ, ಹೋಟೆಲ್ ಹೆಸರು, ಒಂದು ಫೋಟೊ ಸಮೇತ ಸಾರಿಗೆ ಸಂಸ್ಥೆಗೆ ಬರೆಯಿರಿ. ಬಸ್ ಅಲ್ಲಿ ನಿಲ್ಲೋದು ತಪ್ಪಿದರೆ ಹೋಟೆಲ್‌ಗೆ ರಾತ್ರಿಗಿಷ್ಟು ಅಂತ ವ್ಯಾಪಾರವೇ ಹೋಗುತ್ತೆ.

ಕೆಂಪಗಿದ್ದರೆ ಕೇಳಿ

ಊಟದ ಗುಣಮಟ್ಟಕ್ಕೆ ಬರೋಣ. ಪ್ರತಿ ಹೋಟೆಲ್‌ಗೂ ಎಫ್‌ಎಸ್‌ಎಸ್‌ಎಐ ಪರವಾನಗಿ ಅಥವಾ ನೋಂದಣಿ ಬೇಕು, ತಳ್ಳುಗಾಡಿಗೂ ಬೇಕು. 14 ಅಂಕಿಯ ಸಂಖ್ಯೆ. 1ರಿಂದ ಶುರುವಾದರೆ ಪರವಾನಗಿ, 2ರಿಂದ ಶುರುವಾದರೆ ಸಣ್ಣ ವ್ಯಾಪಾರಿಯ ನೋಂದಣಿ. 2022ರ ಜನವರಿ 1ರಿಂದ ಇದನ್ನ ಬಿಲ್‌ನಲ್ಲಿ ಮುದ್ರಿಸೋದು ಕಡ್ಡಾಯ.

ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನ 2024ರ ಮಾರ್ಚ್‌ನಲ್ಲಿ ನಿಷೇಧಿಸಿದರು. ಆಗ ಪರೀಕ್ಷೆ ಮಾಡಿದ ಗೋಬಿಯ 171 ಮಾದರಿಯಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು. ತಪ್ಪು ಮಾಡಿದರೆ ಜೈಲು, ದಂಡ ಎರಡೂ ಆಗಬಹುದು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಬಣ್ಣ ಬೇಡ ಅಂತಾಯ್ತು. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸುವಾಗ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದರ ವಿರುದ್ಧ ಕ್ರಮಕ್ಕೆ ಆರೋಗ್ಯ ಇಲಾಖೆ ಮುಂದಾಯಿತು. ಹೈವೇಯಲ್ಲಿ ತಟ್ಟೆ ಇಡ್ಲಿ ತಿನ್ನೋರು ಕೌಂಟರ್ ಬಳಿ ನಿಂತು ಒಂದು ಸಲ ಇಡ್ಲಿ ಪಾತ್ರೆ ಕಡೆ ನೋಡಿದರೆ ಸಾಕು, ಬಟ್ಟೆಯೋ ಹಾಳೆಯೋ ಗೊತ್ತಾಗುತ್ತೆ. ರಾತ್ರಿ ಹನ್ನೆರಡಕ್ಕೆ ಏನು ತಿನ್ನಬೇಕು ಅಂತ ಕೇಳಿದರೆ, ಆಗಲೇ ಹುಯ್ದು ಕೊಡೋ ದೋಸೆ, ಕಣ್ಣೆದುರೇ ಒಗ್ಗರಣೆ ಹಾಕೋ ಮಂಡಕ್ಕಿ. ಬೆಳಗ್ಗೆಯಿಂದ ಕಾದ ಎಣ್ಣೆಯ ಮಿರ್ಚಿ ಎಷ್ಟೇ ಆಸೆ ಆದರೂ ಬೇಡ. ಎಣ್ಣೆ ಕಪ್ಪಗೆ, ಅಂಟಂಟಾಗಿ, ನೊರೆ ಬರ್ತಿದ್ದರೆ ಅದು ಪದೇ ಪದೇ ಕಾಯಿಸಿದ ಎಣ್ಣೆ.

ಹೋಟೆಲ್‌ನವರ ಮಾತೂ ಇದೆ

ಮಾಡಿದ ಅಡುಗೆಗೆ ಎಂಆರ್‌ಪಿ ಇಲ್ಲ. ಇಡ್ಲಿಗೆ 60 ಇಡಲಿ 100 ಇಡಲಿ, ಬೋರ್ಡ್‌ನಲ್ಲಿ ಬರೆದು ಮಾರಿದರೆ ಕಾನೂನು ತಡೆಯಲ್ಲ. ‘ದುಬಾರಿ’ ಅನ್ನೋದು ದೂರಾಗಲ್ಲ, ‘ಬರೆದಿದ್ದಕ್ಕಿಂತ ಜಾಸ್ತಿ ತಗೊಂಡ್ರು’ ಅನ್ನೋದು ದೂರಾಗುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕೂಗಾಡೋರೇ ಜಾಸ್ತಿ. ಅಲ್ಲದೆ ಶೇ 5 ಜಿಎಸ್‌ಟಿ ಹಾಕುವ ಹೋಟೆಲ್‌ಗೆ ತಾನು ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ. ಬಾಡಿಗೆ, ಗ್ಯಾಸ್, ಮಿಕ್ಸಿ, ಫ್ರಿಜ್‌ಗೆ ಕೊಟ್ಟ ತೆರಿಗೆ ಎಲ್ಲ ಖರ್ಚಿನ ಲೆಕ್ಕಕ್ಕೇ. ನಂದಿನಿ ಹಾಲು 2025ರ ಏಪ್ರಿಲ್ 1ರಿಂದ ಲೀಟರ್‌ಗೆ 4 ರೂಪಾಯಿ ಏರಿತು, ಕಾಫಿಪುಡಿ ದರವೂ ಏರಿತು. ರಾತ್ರಿಪಾಳಿಗೆ ಅಡುಗೆ ಭಟ್ಟರು, ಕ್ಲೀನರ್‌ಗಳು ಸಿಗೋದೇ ಕಷ್ಟ. ಊರೊಳಗೆ 15 ರೂಪಾಯಿಗೆ ಸಿಗೋ ಕಾಫಿ ಹೈವೇಯಲ್ಲಿ 25 ಆಗೋಕೆ ಕಾರಣ ಬರೀ ದುರಾಸೆ ಅಲ್ಲ.

ಫಾರಿನ್‌ಗೆ ಹೋದೋರ ಬಿಲ್

ಈಗ ನಮ್ಮ ಕಡೆಯವರೂ ಯುರೋಪ್ ಪ್ರವಾಸಕ್ಕೆ ಹೋಗ್ತಾರೆ. ಮಗ ಜರ್ಮನಿಯಲ್ಲಿ, ಮಗಳು ನೆದರ್ಲೆಂಡ್ಸ್‌ನಲ್ಲಿ ಅಂತ ಬಾಣಂತನಕ್ಕೆ, ನೋಡಿ ಬರೋಕೆ ಹೋಗುವ ತಂದೆ-ತಾಯಿಯರಿದ್ದಾರೆ. ಹೈವೇ ಬಿಲ್ ಓದೋದು ಕಲಿತವರಿಗೆ ಅಲ್ಲಿನ ಬಿಲ್ ಸುಲಭ, ಆದರೆ ಕೆಲವು ಕಡೆ ಎಡವುತ್ತಾರೆ.

ಅಲ್ಲಿ ಮೆನುವಿನಲ್ಲಿ ಬರೆದ ದರದಲ್ಲೇ ತೆರಿಗೆ ಸೇರಿರುತ್ತೆ. 12 ಯೂರೋ ಅಂದರೆ 12 ಯೂರೋನೇ. ಒಂದು ಯೂರೋ ನೂರು ರೂಪಾಯಿ ಆಸುಪಾಸು ಅಂತ ಲೆಕ್ಕ ಹಾಕಿದರೆ ಒಂದು ಊಟ ಸಾವಿರದ ಇನ್ನೂರು. ಅದನ್ನ ರೂಪಾಯಿಗೆ ತಿರುಗಿಸಿ ನೋಡಿ ತಾಯಂದಿರು ‘ನಂಗೆ ಹಸಿವಿಲ್ಲ ಬಿಡು’ ಅನ್ನೋದು ಸಾಮಾನ್ಯ. ಫ್ರಾನ್ಸ್‌ನಲ್ಲಿ ಸರ್ವಿಸ್ ಚಾರ್ಜೂ ಆ ದರದೊಳಗೇ ಇರುತ್ತೆ, ಟಿಪ್ಸ್ ಕೊಡಲೇಬೇಕು ಅಂತಿಲ್ಲ. ಇಟಲಿಯಲ್ಲಿ ಮಾತ್ರ ‘ಕೊಪೆರ್ತೊ’ ಅಂತ ತಲೆಗೆ ಒಂದರಿಂದ ಮೂರು ಯೂರೋ ಸೇರಿಸ್ತಾರೆ. ಟೇಬಲ್ ಬಟ್ಟೆ, ಚಮಚ, ಬ್ರೆಡ್ಡಿನ ಹೆಸರಲ್ಲಿ. ಮೆನುವಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರ್ತಾರೆ. ರೋಮ್ ಇರುವ ಲಾಜಿಯೊ ಪ್ರಾಂತ್ಯ 2006ರಲ್ಲಿ ಕೊಪೆರ್ತೊ ಬೇಡ ಅಂದಿತು, ಆದರೆ ಬ್ರೆಡ್ಡಿಗೆ ದುಡ್ಡು ತಗೊಳ್ಳೋದು ನಿಲ್ಲಲಿಲ್ಲ. ಹೆಸರು ಬದಲಿಸಿ ವಸೂಲಿ ಮಾಡೋದು ನಮ್ಮಲ್ಲಿ ಮಾತ್ರ ಅಲ್ಲ!

ನೀರಿನ ಜಗಳ ಅಲ್ಲೂ ಇದೆ. ಫ್ರಾನ್ಸ್‌ನಲ್ಲಿ ಊಟದ ಜೊತೆ ಜಗ್ಗಿನ ನೀರು ಕೇಳಿದರೆ ಉಚಿತ. ಸ್ಪೇನ್ 2022ರಲ್ಲಿ ಕಾನೂನೇ ಮಾಡಿ ಹೋಟೆಲ್‌ಗಳು ನಲ್ಲಿ ನೀರನ್ನ ಉಚಿತವಾಗಿ ಕೊಡಬೇಕು ಅಂದಿದೆ. ಜರ್ಮನಿಯಲ್ಲಿ ಹಾಗಿಲ್ಲ. ‘ವಾಟರ್’ ಅಂದರೆ ಸೋಡಾ ತರಹದ ಗ್ಯಾಸ್ ನೀರಿನ ಬಾಟಲಿ ಬಂದು ಕೂರುತ್ತೆ, ಬಿಲ್ ನೋಡಿದರೆ ಮೂರ್ನಾಲ್ಕು ಯೂರೋ. ಗ್ಯಾಸ್ ಇಲ್ಲದ್ದು ಬೇಕು ಅಂತ ಬಿಡಿಸಿ ಹೇಳಬೇಕು. ನಲ್ಲಿ ನೀರು ಕುಡಿಯೋಕೆ ಚೆನ್ನಾಗಿರುತ್ತೆ, ಮನೆಯಿಂದ ಬಾಟಲಿ ತುಂಬಿಸಿಕೊಂಡು ಹೊರಡೋದೇ ದಾರಿ.

ನಮ್ಮವರಿಗೆ ದೊಡ್ಡ ತೊಡಕು ಸಸ್ಯಾಹಾರದ್ದು. ಇಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ಅಭ್ಯಾಸ. ಯುರೋಪ್‌ನಲ್ಲಿ ಅಂಥ ಕಡ್ಡಾಯದ ಗುರುತಿಲ್ಲ. ತರಕಾರಿ ಸೂಪ್ ಅಂದರೂ ಮಾಂಸದ ರಸದಲ್ಲಿ ಬೇಯಿಸಿರಬಹುದು, ಫ್ರಾನ್ಸ್‌ನ ಈರುಳ್ಳಿ ಸೂಪು ಹೆಚ್ಚಾಗಿ ಹಾಗೇ. ಬೆಲ್ಜಿಯಂನಲ್ಲಿ ಆಲೂಗಡ್ಡೆ ಫ್ರೈಗಳನ್ನ ದನದ ಕೊಬ್ಬಿನಲ್ಲಿ ಕರಿಯುವ ಹಳೇ ಪದ್ಧತಿ ಇದೆ. ಇಟಲಿಯ ಪರ್ಮಿಜಾನೊ ಚೀಸ್ ಮಾಡೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸ್ತಾರೆ, ಅದು ಪಾಸ್ತಾ ಮೇಲೆ ಉದುರಿಸಿ ಬರುತ್ತೆ. ‘ವೆಜ್’ ಅನ್ನೋದು ಸಾಲದು, ‘ಮಾಂಸ ಬೇಡ, ಮೀನು ಬೇಡ, ಮಾಂಸದ ರಸ ಬೇಡ’ ಅಂತ ಒಂದೊಂದೇ ಹೇಳಬೇಕು. ಮೆನುವಿನಲ್ಲಿ ‘ವೀಗನ್’ ಅಂತ ಇರೋದನ್ನ ಆರಿಸಿದರೆ ಹಾಲು, ಮೊಟ್ಟೆಯೂ ಇರಲ್ಲ, ಮಠದ ಪದ್ಧತಿಯಲ್ಲಿ ಉಣ್ಣೋರಿಗೆ ಅದೇ ನೆಮ್ಮದಿ. ಇನ್ನೊಂದು ಅನುಕೂಲ: ಕಡಲೆಕಾಯಿ, ಹಾಲು, ಗೋಧಿ, ಮೀನು ಸೇರಿ ಅಲರ್ಜಿ ತರುವ 14 ಪದಾರ್ಥಗಳ ಮಾಹಿತಿಯನ್ನ ಹೋಟೆಲ್‌ಗಳು ಕೊಡಲೇಬೇಕು ಅಂತ ಅಲ್ಲಿ 2014ರ ಡಿಸೆಂಬರ್‌ನಿಂದ ಕಾನೂನಿದೆ. ನಮ್ಮ ಹೈವೇಯಲ್ಲಿ ‘ಇದ್ರಲ್ಲಿ ಶೇಂಗಾ ಹಾಕಿದೀರಾ?’ ಅಂತ ಕೇಳಿದರೆ ಸಪ್ಲೈಯರ್ ಒಳಗೆ ಹೋಗಿ ಕೇಳಿ ಬರೋಷ್ಟರಲ್ಲಿ ಬಸ್ ಹಾರನ್ ಆಗಿರುತ್ತೆ.

ಟೈಮಿನ ವಿಷಯದಲ್ಲಿ ನಾವೇ ಮುಂದೆ. ಹಿರಿಯೂರಲ್ಲಿ ನಡುರಾತ್ರಿ ಎರಡಕ್ಕೂ ದೋಸೆ ಸಿಗುತ್ತೆ. ಫ್ರಾನ್ಸ್‌ನಲ್ಲಿ ಮಧ್ಯಾಹ್ನ ಎರಡು ದಾಟಿದರೆ ಬಹಳ ಕಡೆ ಅಡುಗೆಮನೆ ಬಂದ್, ಮತ್ತೆ ಸಂಜೆ ಏಳಕ್ಕೇ. ಸ್ಪೇನ್‌ನಲ್ಲಿ ರಾತ್ರಿ ಊಟ ಒಂಬತ್ತರ ಮೇಲೆ. ತಿಂದು ಮುಗಿಸಿದರೂ ಯಾರೂ ಬಿಲ್ ತಂದಿಡಲ್ಲ, ಕೇಳಿ ತರಿಸಿಕೊಳ್ಳಬೇಕು. ಇಲ್ಲಿ ಕೈ ತೊಳೆದು ಬರೋದರೊಳಗೆ ಟೇಬಲ್ ಒರೆಸಿರ್ತಾರೆ. ಸ್ವಿಟ್ಜರ್ಲೆಂಡ್‌ನ ಯುಂಗ್‌ಫ್ರಾವ್ ಹಿಮಶಿಖರದ ರೈಲು ನಿಲ್ದಾಣದಲ್ಲಿ, 3,454 ಮೀಟರ್ ಎತ್ತರದಲ್ಲಿ, ‘ಬಾಲಿವುಡ್’ ಅಂತ ಭಾರತೀಯ ಊಟದ ಹೋಟೆಲ್ಲೇ ಇದೆ. ಪ್ರವಾಸಿ ಗುಂಪುಗಳು ಅಷ್ಟು ಹೋಗ್ತಾವೆ. ಕಾರ್ಡ್ ಉಜ್ಜುವಾಗ ಮೆಷಿನ್ ‘ಯೂರೋನಾ, ರೂಪಾಯಿನಾ?’ ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಮೆಷಿನ್‌ನವರದ್ದೇ ವಿನಿಮಯ ದರ ಬಿದ್ದು ಕೈ ಸುಡುತ್ತೆ.

ದೂರು ಎಲ್ಲಿ, ಹೇಗೆ?

ಮೊದಲು ಅಲ್ಲೇ ಮಾಲೀಕರನ್ನ ಕೇಳಿ. ‘ಕಾಂಪೊಸಿಷನ್ ಅಲ್ವಾ ನಿಮ್ಮದು, ಜಿಎಸ್‌ಟಿ ಹೆಂಗ್ ಹಾಕಿದ್ರಿ?’ ಅಂದರೆ ಅರ್ಧ ಕೇಸು ಅಲ್ಲೇ ಮುಗಿಯುತ್ತೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಹೇಳಬಹುದು. 8800001915ಕ್ಕೆ ವಾಟ್ಸ್ಆ್ಯಪ್ ಕೂಡ ಮಾಡಬಹುದು. ಊಟದಲ್ಲಿ ಹುಳ, ಕೊಳಕು, ಬಣ್ಣದ ವಿಷಯವಾದರೆ ಎಫ್‌ಎಸ್‌ಎಸ್‌ಎಐನ 1800112100, ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳ ಕಚೇರಿ.

ಇಷ್ಟಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಘಟನೆ ನಡೆದ ಎರಡು ವರ್ಷದೊಳಗೆ ಹಾಕಬೇಕು. 2019ರ ಕಾಯ್ದೆಯಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ: ಹೋಟೆಲ್ ಎಲ್ಲಿದೆಯೋ ಅಲ್ಲಿಗೇ ಅಲೆಯಬೇಕಿಲ್ಲ, ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ಹೊಳಲ್ಕೆರೆಯವರಿಗೆ ಗೋವಾದ ಹೋಟೆಲ್‌ನಲ್ಲಿ ಮೋಸ ಆಗಿದ್ದರೂ ಕೇಸ್ ಹಾಕೋದು ಚಿತ್ರದುರ್ಗದಲ್ಲಿ. ಹಾಗೇ ಹಿರಿಯೂರು ಹೈವೇಯಲ್ಲಿ ಜಾಸ್ತಿ ಬಿಲ್ ಮಾಡಿಸಿಕೊಂಡ ಬೆಳಗಾವಿಯವರು ಬೆಳಗಾವಿಯಲ್ಲೇ ಹಾಕಬಹುದು, ಇಲ್ಲಿನ ಹೋಟೆಲ್‌ನವರು ಅಲ್ಲಿಗೆ ಹೋಗಿ ಉತ್ತರ ಕೊಡಬೇಕಾಗುತ್ತೆ.

ರೈಲಿನಲ್ಲಿ ಹೋಗೋರಿಗೆ ಒಂದು ಸಾಲು: ಚಿಕ್ಕಜಾಜೂರು ಜಂಕ್ಷನ್ ಇರಲಿ, ಹೊಸದುರ್ಗ ರೋಡ್ ಇರಲಿ, ಒಂದು ಲೀಟರ್ ರೈಲ್‌ನೀರ್ ಬಾಟಲಿಗೆ 2025ರ ಸೆಪ್ಟೆಂಬರ್ 22ರಿಂದ 14 ರೂಪಾಯಿ, ಅರ್ಧ ಲೀಟರ್‌ಗೆ 9 ರೂಪಾಯಿ. ಹದಿನೈದು ಕೊಟ್ಟು ಚಿಲ್ಲರೆ ಬಿಟ್ಟು ಬರಬೇಡಿ, ರೈಲು ಹೊರಡೋಕೆ ಮುಂಚೆ ಆ ಒಂದು ರೂಪಾಯಿ ಕೇಳಿ ಇಸ್ಕೊಳ್ಳಿ.